ಕಾಳು ಒಡೆದಾಗ ಏನಾಗುತ್ತದೆ?



ಅಂಗಡಿಯಲ್ಲಿ ರಾಗಿ ಮಾಲ್ಟಿನ ಡಬ್ಬಿಗಳನ್ನು ನೀವೆಲ್ಲ ನೋಡಿದ್ದೀರಿ. ಆ ಡಬ್ಬಿಯ ಬೆಲೆಯನ್ನು ಅಷ್ಟೇ ತೂಕದ ರಾಗಿಯ ಬೆಲೆಯೊಡನೆ ಒಮ್ಮೆ ಹೋಲಿಸಿ. ಮೊಳಕೆ ಬರಿಸುವುದು, ಒಣಗಿಸುವುದು, ಬೀಸುವುದು – ಈ ಕೆಲಸಗಳನ್ನು ನೀವೇ ಮನೆಯಲ್ಲಿ ಮಾಡಿದರೆ ಬಹಳಷ್ಟು ಹಣ ಉಳಿಯುತ್ತದೆ.

ಮೊಳಕೆಯೇಕೆ? ಕಾಳಿನಲ್ಲಿರುವ ಪಿಷ್ಟ ಎಳೆಯ ಸಸಿಗೆ ಕೂಡಿಟ್ಟ ಬುತ್ತಿ. ಮೊಳೆಯುವಾಗ ಕಾಳು ಅಮೈಲೇಸ್ ಎಂಬ ಕಿಣ್ವವನ್ನು ತಯಾರಿಸಿ, ಆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. 1833ರಲ್ಲಿ ಫ್ರಾನ್ಸಿನ ಪಯೆನ್ ಮತ್ತು ಪೆರ್ಸೋ ಮೊಳೆತ ಬಾರ್ಲಿಯಿಂದ ಈ ಶಕ್ತಿಯುಳ್ಳ ವಸ್ತುವನ್ನು ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟರು.

ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಸಿ. ನೀರು ಬಸಿದು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನಗಳಲ್ಲಿ ಬಿಳಿಯ ಮೊಳಕೆ ಕಾಣುತ್ತದೆ. ಬೂಷ್ಟು ಹಿಡಿದರೆ ಅಥವಾ ಹುಳಿ ವಾಸನೆ ಬಂದರೆ ಆ ಕಾಳನ್ನು ಎಸೆದುಬಿಡಿ. ಒಳ್ಳೆಯ ಕಾಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೈಯಿಂದ ಉಜ್ಜಿ, ಮೊರದಲ್ಲಿ ಕೇರಿ ಬೇರುಗಳನ್ನು ತೆಗೆಯಿರಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಕಟುಕ್ ಎಂದು ಒಡೆಯಬೇಕು. ಮೆತ್ತಗಿದ್ದರೆ ಹಿಟ್ಟು ಕಲ್ಲಿಗೆ ಮೆತ್ತುತ್ತದೆ.

ಈಗ ಬೀಸುವ ಮಾತು. ಎರಡು ಮಿಲಿಮೀಟರ್ ಬದಿಯ ಒಂದು ಘನದ ಮೇಲ್ಮೈ 24 ಚದರ ಮಿಲಿಮೀಟರ್. ಅದನ್ನು ಒಂದು ಮಿಲಿಮೀಟರಿನ ಎಂಟು ಘನಗಳಾಗಿ ಕತ್ತರಿಸಿದರೆ ಮೇಲ್ಮೈ 48 ಆಗುತ್ತದೆ. ತೂಕ ಅಷ್ಟೇ, ನೀರು ಮತ್ತು ಕಿಣ್ವ ತಾಗುವ ಜಾಗ ಮಾತ್ರ ಇಮ್ಮಡಿ. ಹಾಗೆಂದು ಎಲ್ಲ ಕಾಳನ್ನೂ ನುಣ್ಣಗೆ ಬೀಸಬೇಕೆಂದಿಲ್ಲ. ಬಿಯರ್ ತಯಾರಿಸುವವರು ಬಾರ್ಲಿ ಮಾಲ್ಟನ್ನು ಸಾಮಾನ್ಯವಾಗಿ ತರಿಯಾಗಿ ಒಡೆಯುತ್ತಾರೆ. ಏಕೆಂದರೆ ಅದರ ಸಿಪ್ಪೆಯೇ ರಸವನ್ನು ಶೋಧಿಸುವ ಜರಡಿ. ನಮಗಾದರೋ ರಾಗಿಯ ಹಿಟ್ಟು ಬೇಕು, ಸಿಪ್ಪೆ ಬೇಡ. ಒಂದು ಕಿಲೋ ಕಾಳಿಗೆ ಎರಡು ಮೂರು ದೊಡ್ಡ ಚಮಚ ನೀರು ಚಿಮುಕಿಸಿ ಹತ್ತು ನಿಮಿಷ ಬಿಡಿ. ಸಿಪ್ಪೆ ಮಾತ್ರ ನಾರಿನಂತಾಗಿ, ಪುಡಿಯಾಗದೆ ದೊಡ್ಡ ಚೂರುಗಳಾಗಿ ಜರಡಿಯಲ್ಲಿ ಉಳಿಯುತ್ತದೆ. ಬೀಸುವ ಕಲ್ಲಿಗೆ ಒಂದೊಂದೇ ಹಿಡಿ ಹಾಕಿ. ಮಿಕ್ಸಿಯಾದರೆ ಸ್ವಲ್ಪ ಸ್ವಲ್ಪವಾಗಿ, ನಡುನಡುವೆ ನಿಲ್ಲಿಸಿ ಬೀಸಿ. ಹಿಟ್ಟನ್ನು ಮತ್ತೆ ಒಣಗಿಸಿ ಡಬ್ಬಿಗೆ ತುಂಬಿ. ಹುರಿದರೆ ಪರಿಮಳ ಹೆಚ್ಚುತ್ತದೆ, ಆದರೆ ಕಿಣ್ವದ ಶಕ್ತಿ ಕುಂದುತ್ತದೆ.

ಒಂದು ಪ್ರಯೋಗ ಮಾಡಿ. ಸಾಧಾರಣ ರಾಗಿ ಹಿಟ್ಟಿನ ದಪ್ಪ ಗಂಜಿ ಕಾಯಿಸಿ ಎರಡು ಪಾತ್ರೆಗೆ ಹಾಕಿ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಆರಿದಾಗ ಒಂದಕ್ಕೆ ಮಾತ್ರ ಒಂದು ಚಮಚ ಮೊಳಕೆ ಹಿಟ್ಟು ಬೆರೆಸಿ. ಹತ್ತು ನಿಮಿಷದಲ್ಲಿ ಅದು ನೀರಾಗಿ ಹರಿಯುತ್ತದೆ, ಇನ್ನೊಂದು ದಪ್ಪಗೇ ಉಳಿಯುತ್ತದೆ. ಕುದಿಯುವ ಗಂಜಿಗೆ ಹಾಕಿದರೆ ಕಿಣ್ವ ಕೆಟ್ಟು ಈ ಬದಲಾವಣೆ ಕಾಣುವುದಿಲ್ಲ.

ಇದರಿಂದ ಪ್ರಯೋಜನವೇನು? ಆರು ತಿಂಗಳು ತುಂಬಿದ ಮಗುವಿಗೆ ತಾಯಿಯ ಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ಅದರ ಹೊಟ್ಟೆ ಚಿಕ್ಕದು. ದಪ್ಪ ಗಂಜಿಯನ್ನು ನುಂಗಲಾರದು. ನೀರು ಬೆರೆಸಿ ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬುತ್ತದೆ, ಪೋಷಣೆ ಸಾಲದು. ಮೊಳಕೆ ಹಿಟ್ಟು ನೀರಿಲ್ಲದೆಯೇ ಗಂಜಿಯನ್ನು ತೆಳುವಾಗಿಸುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ರಾಗಿ ಮಾಲ್ಟಿನ ಶಿಶು ಆಹಾರವನ್ನು ಕುರಿತು ಸಂಶೋಧನೆ ನಡೆಸಿದ್ದು ಇದಕ್ಕಾಗಿಯೇ. ಆದರೆ ಒಂದು ಎಚ್ಚರಿಕೆ: ಮೊಳಕೆಯ ತೇವದಲ್ಲಿ ರೋಗಾಣುಗಳೂ ಬೆಳೆಯಬಲ್ಲವು. ಆದ್ದರಿಂದ ತೆಳುವಾದ ಗಂಜಿಯನ್ನು ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಆರಿಸಿಯೇ ಮಗುವಿಗೆ ಕೊಡಬೇಕು.

ಬರುವ ರಜೆಯಲ್ಲಿ ಒಂದು ಪಾವು ರಾಗಿಯಿಂದ ಪ್ರಾರಂಭಿಸಿ. ಮನೆಯಲ್ಲಿ ಅಜ್ಜಿ ಇದ್ದರೆ ಬೀಸುವ ಕಲ್ಲನ್ನು ಹಿಡಿಯುವ ಬಗೆಯನ್ನು ಅವರಿಂದ ಕೇಳಿ ತಿಳಿಯಿರಿ. ಗಂಜಿ ಏಕೆ ತೆಳುವಾಯಿತೆಂಬುದನ್ನು ನೀವು ಅವರಿಗೆ ಹೇಳಿ.