ಬೆಳಗಾವಿಯ ವಾಚನಾಲಯವೂ ನಮ್ಮ ಕಪಾಟೂ
(ವಿಲೆ ಪಾರ್ಲೆಯ ಕನ್ನಡ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ಅರಸರ, ಕವಿಗಳ ಗುಣಗಾನ ನಡೆಯುವುದು ವಾಡಿಕೆ. ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಆದುದರಿಂದ ಲೆಕ್ಕದ ಪ್ರಶ್ನೆಯೊಂದನ್ನೇ ತಮ್ಮ ಮುಂದಿಡುತ್ತೇವೆ: ವಾಚನಾಲಯದ ಖರ್ಚನ್ನು ಯಾರು ಹೊರುತ್ತಾರೆ? ಯಾರು ಹೊರುತ್ತಾರೋ ಅವರ ಭಾಷೆಯೇ ಕಪಾಟಿನಲ್ಲಿ ನೆಲೆಸುತ್ತದೆ.

ಬೆಳಗಾವಿಯನ್ನೇ ನೋಡೋಣ. ಅಲ್ಲಿ 1848ರಷ್ಟು ಹಿಂದೆಯೇ ವಾಚನಾಲಯ ಹುಟ್ಟಿತು. ನೇಟಿವ್ ಜನರಲ್ ಲೈಬ್ರರಿ ಎಂದು ಅದರ ಹೆಸರು. ಮುಂಬಯಿ ಇಲಾಖೆಯ ಊರುಗಳಲ್ಲಿ ಅಂಥವು ಒಂದೊಂದಾಗಿ ಏಳುತ್ತಿದ್ದ ಕಾಲವದು. ರತ್ನಾಗಿರಿಯಲ್ಲಿ 1828, ನಾಶಿಕದಲ್ಲಿ 1840, ಪುಣೆಯಲ್ಲಿ ಅದೇ 1848. ಆ ಕಾಲದ ಇಂಥ ವಾಚನಾಲಯಗಳು ನಡೆಯುತ್ತಿದ್ದುದು ವರ್ಗಣಿಯ ಮೇಲೆ. ವರ್ಗಣಿ ಕೊಡಬಲ್ಲವರು ಅಧಿಕಾರಿಗಳು, ವಕೀಲರು, ಕಚೇರಿಯ ನೌಕರರು. ಅವರ ಓದು ಇಂಗ್ಲಿಷು, ಮರಾಠಿ.

ಕನ್ನಡವನ್ನು ಯಾರೋ ಹೊರದೂಡಿದರೆಂದು ನಾವು ಹೇಳುವುದಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ' ಹೊರಟದ್ದೇ 1843ರಲ್ಲಿ. ಬೆಳಗಾವಿಯ ಬಾಗಿಲು ತೆರೆದಾಗ ಅಚ್ಚಾದ ಕನ್ನಡ ಪುಸ್ತಕಗಳೇ ವಿರಳ. ಇಡೋಣವೆಂದರೂ ಇಡುವುದೇನನ್ನು?

ಈ ಕೊರತೆಯನ್ನು ಮನಗಂಡವರು ಪಕ್ಕದ ಧಾರವಾಡದವರು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಮುಂದಾಗಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. ಸಂಘವು ಗ್ರಂಥಕರ್ತರಿಗೆ ನೆರವಾಯಿತು, ಪುಸ್ತಕಗಳನ್ನು ಪ್ರಕಟಿಸಿತು, 1896ರಲ್ಲಿ 'ವಾಗ್ಭೂಷಣ' ಪತ್ರಿಕೆಯನ್ನು ಹೊರಡಿಸಿತು. ಕಪಾಟಿಗಿಂತ ಮೊದಲು ಕಪಾಟಿನಲ್ಲಿಡುವ ಸರಕನ್ನು ಸಿದ್ಧಪಡಿಸಿದ ಪುಣ್ಯ ಆ ಹಿರಿಯರದು.

ಮುಂದೆ ಲೆಕ್ಕವೇ ಬದಲಾಯಿತು. 1965ರಲ್ಲಿ ಮೈಸೂರು ರಾಜ್ಯವು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯನ್ನು ಮಾಡಿತು. ಅದು ಜಾರಿಗೆ ಬಂದದ್ದು 1966ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ! ಮನೆ-ನಿವೇಶನಗಳ ತೆರಿಗೆಯೊಡನೆ ಗ್ರಂಥಾಲಯ ಕರ ಸೇರಿತು. ಓದದವನೂ ಓದುವವನಿಗಾಗಿ ನಾಲ್ಕು ಕಾಸು ಕೊಡುವ ಏರ್ಪಾಡು ಅದು. ವರ್ಗಣಿಯಿಲ್ಲದ ಬಡವನೂ ಒಳಗೆ ಹೋಗಿ ಕೂಡಬಹುದಾಯಿತು.

ನಾವಿರುವ ಮಹಾರಾಷ್ಟ್ರದ ದಾರಿ ಬೇರೆ. ಇಲ್ಲಿಯ 1967ರ ಕಾಯಿದೆಯಲ್ಲಿ ಗ್ರಂಥಾಲಯ ಕರವಿಲ್ಲ. ಸಂಘ-ಸಂಸ್ಥೆಗಳು ಮೊದಲು ವಾಚನಾಲಯ ನಡೆಸಬೇಕು. ಮಾನ್ಯತೆ ದೊರೆತರೆ ಸರಕಾರ ಅನುದಾನ ಕೊಡುತ್ತದೆ. ನಮ್ಮ ಪಾರ್ಲೆಯಲ್ಲೇ 1923ರಲ್ಲಿ ಸ್ಥಾಪನೆಯಾದ ಲೋಕಮಾನ್ಯ ಸೇವಾ ಸಂಘವು ಗ್ರಂಥಾಲಯ ನಡೆಸಿಕೊಂಡು ಬಂದಿದೆ. ನೆರೆಯವರಿಂದ ಕಲಿಯಲು ನಾಚಿಕೆಯೇಕೆ? ಇಲ್ಲಿ ಮೊದಲ ಹೆಜ್ಜೆಯನ್ನು ಜನರೇ ಇಡಬೇಕು ಎಂಬುದೇ ಇದರ ತಾತ್ಪರ್ಯ.

ಈಗ ನಮ್ಮ ಮನೆಯ ಮಾತು. ಹಿರಿಯರೊಬ್ಬರು ತೀರಿಕೊಂಡ ಮೇಲೆ ಅವರ ಕನ್ನಡ ಪುಸ್ತಕಗಳನ್ನು ನಾವು ರದ್ದಿಯವನಿಗೆ ಕೊಟ್ಟೆವು. ಮನೆ ಚಿಕ್ಕದು, ಮಕ್ಕಳಿಗೆ ಕನ್ನಡ ಓದಲು ಬಾರದು ಎಂಬ ಎರಡು ನೆಪಗಳಿದ್ದವು. ತಕ್ಕಡಿ ಮೇಲೇರಿದಾಗ ಒಂದು ಪುಸ್ತಕದೊಳಗಿಂದ ಅವರ ಕೈಬರಹದ ಚೀಟಿಯೊಂದು ಕೆಳಗೆ ಬಿತ್ತು. ಮಗಳು ಅದನ್ನೆತ್ತಿಕೊಂಡು, "ಅಪ್ಪಾ, ಅಜ್ಜ ಏನು ಬರೆದಿದ್ದಾರೆ?" ಎಂದು ಕೇಳಿದಳು. ನಾವು ಓದಿ ಹೇಳಿದೆವು. ಆದರೆ ಅವಳೇ ಓದಿಕೊಳ್ಳುವಂತೆ ಮಾಡಿರಲಿಲ್ಲವಲ್ಲ! ಪುಸ್ತಕಗಳು ಹೋದುದಕ್ಕಿಂತ ಇದೇ ನಮ್ಮನ್ನು ಇಂದಿಗೂ ಚುಚ್ಚುತ್ತದೆ.

ಆದುದರಿಂದ ತಮ್ಮಲ್ಲಿ ನಮ್ಮ ಬಿನ್ನಹ ಇಷ್ಟೆ. ದೊಡ್ಡ ಕಟ್ಟಡ ಬೇಡ. ಸಂಘದಲ್ಲಿ ಒಂದು ಕಪಾಟು, ಒಂದು ದಾಖಲೆ ಪುಸ್ತಕ, ಆದಿತ್ಯವಾರ ಬೆಳಿಗ್ಗೆ ಎರಡು ತಾಸು. ಒಂದೊಂದು ಮನೆಯಿಂದ ಐದು ಪುಸ್ತಕ ಬರಲಿ. ಹಿರಿಯರೊಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಕೂಡಿಸಿ ಓದಿಸಲಿ. ಕೊಟ್ಟ-ತಂದ ಪುಸ್ತಕಗಳ ಲೆಕ್ಕ ಬರೆಯುವ ಕೆಲಸ ನಮಗಿರಲಿ. ಅದೊಂದು ನಮಗೆ ಬರುತ್ತದೆ.