ವೇಗಮಾಪಕದ ಎಣಿಕೆ

‘ವೇಗಮಾಪಕ’ವೆಂಬುದು ಸೊಗಸಾದ ಪದವೇ, ಆದರೆ ಕನ್ನಡ ಮೇಷ್ಟರಾದ ನನಗೆ ಅದು ಯಂತ್ರದ ಯೋಗ್ಯತೆಗೆ ಮೀರಿದ್ದೆನಿಸುತ್ತದೆ. ಅದು ರಸ್ತೆಯನ್ನು ಅಳೆಯುವುದಿಲ್ಲ. ಚಕ್ರದ ಸುತ್ತುಗಳ ಲೆಕ್ಕವನ್ನಷ್ಟೇ ಬಲ್ಲದು. ಲಾರಿಯ 9.00-20 ಟೈರುಗಳನ್ನು ತೆಗೆದು 10.00-20 ತೊಡಿಸಿದರೆ ಒಂದು ಸುತ್ತಿಗೆ ಸಾಗುವ ದೂರ ನೂರಕ್ಕೆ ಮೂರು-ನಾಲ್ಕರಷ್ಟು ಹೆಚ್ಚುತ್ತದೆ. ಮುಳ್ಳು 60 ಎಂದಾಗ ಲಾರಿಯ ವೇಗ 62. ಕಿಲೋಮೀಟರಿಗಿಷ್ಟೆಂದು ಸಂಬಳ ಪಡೆಯುವ ಚಾಲಕನಿಗಂತೂ ಸಾವಿರ ಕಿಲೋಮೀಟರಿನಲ್ಲಿ 30ಕ್ಕೂ ಮಿಕ್ಕ ಕಿಲೋಮೀಟರುಗಳ ದುಡಿಮೆ ಲೆಕ್ಕಕ್ಕೇ ಬಾರದು.

ಪರೀಕ್ಷೆ ಸುಲಭ. ಬಯಲು ಹೆದ್ದಾರಿಯಲ್ಲಿ ಮುಳ್ಳನ್ನು 60ರಲ್ಲಿ ನಿಲ್ಲಿಸಿ, ಕಲ್ಲಿನಿಂದ ಕಲ್ಲಿಗೆ 5 ಕಿಲೋಮೀಟರು ಸಾಗಲಿ. ಪಕ್ಕದಲ್ಲಿ ಕುಳಿತವರು ಗಡಿಯಾರ ನೋಡಲಿ. 5 ನಿಮಿಷದ ಬದಲು 4 ನಿಮಿಷ 50 ಸೆಕೆಂಡು ಹಿಡಿದರೆ ಮೀಟರು ಹಿಂದುಳಿದಿದೆ. ಹಳೆಯ ಕೇಬಲ್ ಮೀಟರಾದರೆ ಅದನ್ನು ತಿರುಗಿಸುವ ಪುಟ್ಟ ಹಲ್ಲುಚಕ್ರವನ್ನು ಬದಲಾಯಿಸಬೇಕು. ಇಂದಿನ ವಿದ್ಯುನ್ಮಾನ ಮೀಟರಿಗೆ ಹೊಸ ಟೈರಿನ ಸುತ್ತಳತೆಯನ್ನು ಹೊಂದಿಸಿಕೊಟ್ಟರಾಯಿತು.