ಹಳೆಯ ಜೀಪನ್ನು ಎತ್ತರಿಸುವ ಮುನ್ನ

(ಮಲೆನಾಡಿನ ಬೆಳೆಗಾರರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಮಲೆನಾಡಿನಲ್ಲಿ ಜೀಪು ಷೋಕಿಯ ವಾಹನವಲ್ಲ. ಅದು ಬೇಸಾಯದ ಒಂದು ಸಲಕರಣೆ. ಗೊಬ್ಬರ ತೋಟಕ್ಕೆ ಹೋಗಬೇಕಾದರೆ, ಅಡಿಕೆ ಗೊನೆ, ಕಾಫಿ ಹಣ್ಣು ಕಣಕ್ಕೆ ಬರಬೇಕಾದರೆ, ನಡುರಾತ್ರಿ ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ಜೀಪೇ ಬೇಕು. ಎರಡನೇ ಮಹಾಯುದ್ಧದ ನಂತರ ಬಂದ ವಿಲ್ಲೀಸ್ ಜೀಪು ಮತ್ತು ಅದೇ ಮಾದರಿಯಲ್ಲಿ ಮಹೀಂದ್ರ ಸಂಸ್ಥೆ ದಶಕಗಳ ಕಾಲ ತಯಾರಿಸಿದ ಜೀಪುಗಳು ಇಂದಿಗೂ ಅನೇಕ ತೋಟಗಳಲ್ಲಿ ದುಡಿಯುತ್ತಿವೆ.

ಒಬ್ಬ ಅಡಿಕೆ ಬೆಳೆಗಾರರ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅವರಲ್ಲಿ ತಂದೆಯ ಕಾಲದ, ನಾಲ್ಕೂ ಚಕ್ರಗಳಿಗೆ ಎಳೆತವಿರುವ ಜೀಪು ಇದೆ. ಆಷಾಢದ ಮಳೆ ಹಿಡಿಯಿತೆಂದರೆ ಮನೆಯಿಂದ ತೋಟಕ್ಕೆ ಇಳಿಯುವ ಮಣ್ಣುರಸ್ತೆಯಲ್ಲಿ ಚಕ್ರದ ಜಾಡು ಆಳವಾಗಿ, ನಡುವಿನ ದಿಣ್ಣೆ ಜೀಪಿನ ಹೊಟ್ಟೆಗೆ ತಾಗಿ ಗಾಡಿ ಕೂತುಬಿಡುತ್ತದೆ. ಗ್ಯಾರೇಜಿಗೆ ಹೋದರೆ ಸಿಗುವ ಸಲಹೆ ಒಂದೇ: ‘ಬ್ಲೇಡ್ ಮೇಲಕ್ಕೆ ಹಾಕಿ ಐದು ಇಂಚು ಎತ್ತಿಬಿಡೋಣ ಹೆಗ್ಡೇರೇ, ಆನೆ ಹೋದ ಹಾಗೆ ಹೋಗ್ತದೆ.’ ಈ ಮಾತಿಗೆ ಒಪ್ಪುವ ಮುನ್ನ ತಿಳಿದುಕೊಳ್ಳಬೇಕಾದ ಸಂಗತಿಗಳು ಕೆಲವಿವೆ.

ತಾಗುವುದು ಯಾವ ಭಾಗ?

ಜೀಪಿನ ಅಡಿಯಲ್ಲಿ ಎರಡು ಬಗೆಯ ಎತ್ತರಗಳಿವೆ. ಮೊದಲನೆಯದು ಆಕ್ಸಲಿನ ನಡುವೆ ಉಂಡೆಯಂತಿರುವ ಡಿಫರೆನ್ಷಿಯಲ್‌ಗೂ ನೆಲಕ್ಕೂ ಇರುವ ಅಂತರ. ಎರಡನೆಯದು ಚಾಸಿ, ಟ್ರಾನ್ಸ್‌ಫರ್ ಕೇಸ್, ಸೈಲೆನ್ಸರ್ ಮುಂತಾದ ಹೊಟ್ಟೆಯ ಭಾಗಗಳಿಗೂ ನೆಲಕ್ಕೂ ಇರುವ ಅಂತರ. ಕಮಾನುಪಟ್ಟಿಯನ್ನು, ಅಂದರೆ ಗ್ಯಾರೇಜಿನವರು ಬ್ಲೇಡ್ ಎನ್ನುವುದನ್ನು, ಎಷ್ಟೇ ಎತ್ತರಿಸಿದರೂ ಮೇಲೇಳುವುದು ಹೊಟ್ಟೆ ಮಾತ್ರ. ಆಕ್ಸಲು ಚಕ್ರದ ನಡುವೆಯೇ ಇರುವುದರಿಂದ ಡಿಫರೆನ್ಷಿಯಲ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತಲು ಟೈರು ದೊಡ್ಡದಾಗಬೇಕು. ಟೈರಿನ ವ್ಯಾಸ 2 ಇಂಚು ಹೆಚ್ಚಿದರೂ ಆಕ್ಸಲು ಏರುವುದು 1 ಇಂಚು ಮಾತ್ರ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸಕ್ಕೆ ಖರ್ಚಿಲ್ಲ. ಕೆಸರಿನಲ್ಲಿ ಸಿಕ್ಕಿಬಿದ್ದ ದಿನವೇ ಜೀಪಿನ ಅಡಿಗೆ ಬಗ್ಗಿ ನೋಡಬೇಕು. ಉಜ್ಜಿದ ಗುರುತು ಡಿಫರೆನ್ಷಿಯಲ್ ಮೇಲಿದ್ದರೆ ಕಮಾನುಪಟ್ಟಿ ಎತ್ತರಿಸಿ ಪ್ರಯೋಜನವಿಲ್ಲ. ಗುರುತು ಚಾಸಿಯ ಅಡ್ಡಪಟ್ಟಿಯ ಮೇಲೋ ಟ್ರಾನ್ಸ್‌ಫರ್ ಕೇಸಿನ ಮೇಲೋ ಇದ್ದರೆ ಮಾತ್ರ ಅದರಿಂದ ಸಹಾಯವಾದೀತು.

ಮೂಲ ಎತ್ತರ ಉಳಿದಿದೆಯೇ?

ಮೂವತ್ತು ನಲವತ್ತು ವರ್ಷ ಹೊರೆ ಹೊತ್ತ ಕಮಾನುಪಟ್ಟಿ ತನ್ನ ಕಮಾನನ್ನು ಕಳೆದುಕೊಂಡಿರುತ್ತದೆ. 50 ಕಿಲೋ ತೂಕದ 10 ಚೀಲ ಎಂದರೆ 500 ಕಿಲೋ. ಅದರ ಮೇಲೆ ಆಳುಗಳೂ ಕೂತರೆ ಪಟ್ಟಿ ಚಪ್ಪಟೆಯಾಗದೆ ಇನ್ನೇನಾದೀತು? ಅನೇಕ ವೇಳೆ ‘ಎತ್ತರ ಸಾಲದು’ ಎನ್ನುವ ಜೀಪು ನಿಜವಾಗಿ ಕುಸಿದ ಜೀಪು.

ಖಾಲಿ ಜೀಪನ್ನು ಸಮತಟ್ಟಾದ ಕಣದಲ್ಲಿ ನಿಲ್ಲಿಸಿ, ಟೈರುಗಳ ಗಾಳಿ ಸರಿಮಾಡಿ, ನಾಲ್ಕು ಕಡೆಯೂ ಆಕ್ಸಲಿನಿಂದ ಚಾಸಿಯವರೆಗಿನ ಅಂತರವನ್ನು ಟೇಪಿನಿಂದ ಅಳೆದು ಬರೆದುಕೊಳ್ಳಬೇಕು. ಚಾಲಕ ಕೂರುವ ಬಲಬದಿ ಸಾಮಾನ್ಯವಾಗಿ ಹೆಚ್ಚು ಕುಸಿದಿರುತ್ತದೆ. ಮುರಿದ ಪಟ್ಟಿ, ಸವೆದ ಬುಷ್, ತುಂಡಾದ ಸೆಂಟರ್ ಬೋಲ್ಟ್, ಸಡಿಲವಾದ ಯೂ-ಬೋಲ್ಟ್ ಇವೆಯೇ ಎಂದೂ ಪರೀಕ್ಷಿಸಬೇಕು.

ಹಳೆಯ ಪಟ್ಟಿಯನ್ನೇ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಡಿಸುವ ವಾಡಿಕೆ ಉಂಟು. ಕಾಯಿಸಿದ ಉಕ್ಕಿಗೆ ಮತ್ತೆ ಸರಿಯಾದ ಹದ ಕೊಡದಿದ್ದರೆ ಅದು ಬೇಗ ಕುಸಿಯುತ್ತದೆ ಅಥವಾ ಮುರಿಯುತ್ತದೆ. ಮೂಲ ಅಳತೆಯ ಹೊಸ ಸೆಟ್ಟನ್ನು ಎಡ ಬಲ ಜೊತೆಯಾಗಿಯೇ, ಹೊಸ ಯೂ-ಬೋಲ್ಟ್ ಮತ್ತು ಬುಷ್‌ಗಳ ಸಮೇತ ಹಾಕಿಸುವುದು ಲೇಸು. ಇಷ್ಟರಿಂದಲೇ ಕಳೆದುಹೋದ ಎತ್ತರ ಮರಳುತ್ತದೆ.

ಎತ್ತರಿಸುವ ವಿಧಾನಗಳು

1. ಹೆಚ್ಚು ಕಮಾನಿನ ಹೊಸ ಸೆಟ್: ಮೂಲಕ್ಕಿಂತ ಒಂದೂವರೆ ಎರಡು ಇಂಚು ಎತ್ತರ ಕೊಡುವ ಪಟ್ಟಿಗಳು. ಎತ್ತರಿಸುವುದೇ ಅನಿವಾರ್ಯವಾದರೆ ಇದ್ದುದರಲ್ಲಿ ಇದು ಉತ್ತಮ.

2. ಒಂದು ಪಟ್ಟಿ ಹೆಚ್ಚಿಗೆ ಸೇರಿಸುವುದು: ಖರ್ಚು ಕಡಿಮೆ, ಆದರೆ ಸ್ಪ್ರಿಂಗು ಬಿರುಸಾಗುತ್ತದೆ. ಖಾಲಿ ಓಡುವಾಗ ಜೀಪು ಕುಪ್ಪಳಿಸುತ್ತದೆ. ಏರುತಗ್ಗಿನ ದಾರಿಯಲ್ಲಿ ಚಕ್ರ ನೆಲ ಬಿಟ್ಟು ಎಳೆತ ತಪ್ಪುತ್ತದೆ. ಎತ್ತರಿಸಿದ ಉದ್ದೇಶವೇ ಕೆಟ್ಟಂತಾಗುತ್ತದೆ.

3. ಉದ್ದನೆಯ ಶ್ಯಾಕಲ್ ಹಾಕುವುದು: 2 ಇಂಚು ಉದ್ದ ಮಾಡಿದರೆ ಜೀಪು ಏರುವುದು ಸುಮಾರು 1 ಇಂಚು. ಪಟ್ಟಿಯ ಒಂದು ತುದಿ ಮಾತ್ರ ಸರಿಯುವುದರಿಂದ ಆಕ್ಸಲು ತಿರುಚಿಕೊಂಡು ಸ್ಟೀರಿಂಗಿನ ಕೋನ ಬದಲಾಗುತ್ತದೆ. ಗಾಡಿ ಪಕ್ಕಕ್ಕೆ ಓಲಾಡುವುದೂ ಹೆಚ್ಚುತ್ತದೆ.

4. ಪಟ್ಟಿಯನ್ನು ಆಕ್ಸಲಿನ ಮೇಲಕ್ಕೆ ತರುವುದು: ಈ ಹಳೆಯ ಜೀಪುಗಳಲ್ಲಿ ಕಮಾನುಪಟ್ಟಿ ಆಕ್ಸಲಿನ ಕೆಳಗೆ ಇರುತ್ತದೆ. ಅದನ್ನು ಮೇಲಕ್ಕೆ ತಂದರೆ ನಾಲ್ಕೈದು ಇಂಚು ಒಂದೇ ಸಲ ಸಿಗುತ್ತದೆ. ಗ್ಯಾರೇಜಿನವರು ಹೇಳುವ ಐದು ಇಂಚು ಇದೇ. ಇದಕ್ಕೆ ಆಕ್ಸಲಿನ ಮೇಲೆ ಹೊಸ ಪೀಠಗಳನ್ನು ವೆಲ್ಡ್ ಮಾಡಬೇಕು. ವೆಲ್ಡಿಂಗ್ ಸೊಟ್ಟಗಾದರೆ ಆಕ್ಸಲೂ ಸೊಟ್ಟ. ಅದು ಬಿಟ್ಟುಕೊಂಡರೆ ಇಳಿಜಾರಿನಲ್ಲಿ ಹತೋಟಿಯೇ ತಪ್ಪುತ್ತದೆ.

5. ಚಾಸಿ ಮತ್ತು ಬಾಡಿಯ ನಡುವೆ ಗುಟ್ಟಗಳನ್ನು ಇಡುವುದು: ದೊಡ್ಡ ಟೈರಿಗೆ ಜಾಗವಾಗುತ್ತದೆಯೇ ಹೊರತು ಚಾಸಿಯಾಗಲಿ ಡಿಫರೆನ್ಷಿಯಲ್ ಆಗಲಿ ಒಂದು ನೂಲೂ ಏರುವುದಿಲ್ಲ.

ದೊಡ್ಡ ಟೈರಿನ ವಿಷಯದಲ್ಲಿಯೂ ಒಂದು ಲೆಕ್ಕವಿದೆ. ಟೈರಿನ ವ್ಯಾಸ 29 ಇಂಚಿನಿಂದ 31ಕ್ಕೆ ಏರಿದರೆ, ಸ್ಪೀಡೋಮೀಟರ್ 40 ಕಿ.ಮೀ. ತೋರಿಸುವಾಗ ಜೀಪು ಸುಮಾರು 43ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನ್ನಿಗೆ ಭಾರ, ಇಳಿಜಾರಿನಲ್ಲಿ ಬ್ರೇಕಿಗೆ ಭಾರ. ಮೊದಲೇ ಹಳೆಯದಾದ ಡ್ರಮ್ ಬ್ರೇಕು ಇನ್ನಷ್ಟು ದುರ್ಬಲವಾಗುತ್ತದೆ.

ಎತ್ತರದ ಜೊತೆಗೆ ಬರುವ ತೊಂದರೆಗಳು

ಚಾಸಿ ಮೇಲೆದ್ದಂತೆ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಓರೆಯಾಗುತ್ತದೆ. ಗಿಡ್ಡ ಜೀಪಿನಲ್ಲಿ ಹಿಂದಿನ ಶಾಫ್ಟ್ ಬಹಳ ಚಿಕ್ಕದು. ಅದು 20 ಇಂಚು ಉದ್ದವಿದೆ ಎಂದುಕೊಂಡರೆ, 2 ಇಂಚು ಎತ್ತರಿಸಿದಾಗ ಓರೆ ಸುಮಾರು 6 ಡಿಗ್ರಿ ಹೆಚ್ಚುತ್ತದೆ. 5 ಇಂಚು ಎತ್ತರಿಸಿದಾಗ 14 ಡಿಗ್ರಿ ದಾಟುತ್ತದೆ. ಇದರಿಂದ ಶಾಫ್ಟಿನ ಕ್ರಾಸ್‌ಗಳು ಬೇಗ ಸವೆದು, ನಡುಕ ಬಂದು, ಒಂದು ದಿನ ಕಾಡಿನ ನಡುವೆ ತುಂಡಾಗುತ್ತವೆ. ಆಕ್ಸಲಿಗೂ ಪಟ್ಟಿಗೂ ನಡುವೆ ಬೆಣೆ ಕೊಟ್ಟು ಕೋನ ಸರಿಪಡಿಸಬಹುದು. ಆದರೆ ಮುಂದಿನ ಆಕ್ಸಲಿನಲ್ಲಿ ಅದೇ ಬೆಣೆಯಿಂದ ಸ್ಟೀರಿಂಗಿನ ಕೋನವೂ ಬದಲಾಗುವುದರಿಂದ ಎರಡನ್ನೂ ಒಟ್ಟಿಗೆ ನೋಡಿಯೇ ಮಾಡಬೇಕು.

ಸ್ಟೀರಿಂಗಿನ ಸರಳು ಓರೆಯಾದರೆ ಗುಂಡಿ ಸಿಕ್ಕಿದಾಗಲೆಲ್ಲ ಚಕ್ರ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕಿನ ರಬ್ಬರ್ ಪೈಪು. ಚಾಸಿಯನ್ನು ಜಾಕಿಯಿಂದ ಎತ್ತಿ ಚಕ್ರಗಳನ್ನು ಪೂರ್ತಿ ಜೋಲುಬಿಟ್ಟು, ಪೈಪು ಬಿಗಿಯುತ್ತದೆಯೇ ಎಂದು ಕಣ್ಣಾರೆ ನೋಡಬೇಕು. ಬಿಗಿದರೆ ಉದ್ದನೆಯದನ್ನು ಹಾಕಿಸದೆ ಗಾಡಿ ಹೊರಡಿಸಬಾರದು. ಶಾಕ್ ಅಬ್ಸಾರ್ಬರ್‌ಗೂ ಇದೇ ಪರೀಕ್ಷೆ.

ಇಳಿಜಾರು ಮತ್ತು ಜೀವ

ಬಯಲುಸೀಮೆಯಲ್ಲಿ ಎತ್ತರದ ಜೀಪು ಬರೀ ಓಲಾಡಬಹುದು. ಮಲೆನಾಡಿನ ಓರೆದಾರಿಯಲ್ಲಿ ಅದು ಉರುಳುತ್ತದೆ. ಎಡ ಬಲ ಚಕ್ರಗಳ ನಡುವೆ 48 ಇಂಚು, ಭಾರದ ಕೇಂದ್ರ ನೆಲದಿಂದ 28 ಇಂಚು ಎಂದಿಟ್ಟುಕೊಂಡರೆ, ನಿಂತ ಜೀಪು ಸುಮಾರು 40 ಡಿಗ್ರಿ ಓರೆಯಾದಾಗ ಪಕ್ಕಕ್ಕೆ ಬೀಳುತ್ತದೆ. ಎತ್ತರಿಸಿದ್ದರಿಂದ ಭಾರದ ಕೇಂದ್ರ 4 ಇಂಚು ಮೇಲೇರಿದರೆ 37 ಡಿಗ್ರಿಗೇ ಬೀಳುತ್ತದೆ. ಅದರ ಮೇಲೆ ಚೀಲ ಪೇರಿಸಿ, ಹಿಂದೆ ಜನ ನಿಂತು ಕೇಂದ್ರ 40 ಇಂಚಿಗೆ ಏರಿದರೆ 31 ಡಿಗ್ರಿ ಸಾಕು. ಇದು ನಿಂತ ಜೀಪಿನ ಲೆಕ್ಕ. ಓಡುತ್ತಿರುವಾಗ ಮೇಲಿನ ಚಕ್ರ ಕಲ್ಲಿನ ಮೇಲೇರಿ ಕೆಳಗಿನ ಚಕ್ರ ಗುಂಡಿಗಿಳಿದರೆ ಇದಕ್ಕಿಂತ ಎಷ್ಟೋ ಮೊದಲೇ ಉರುಳುತ್ತದೆ. ಹಿಂದೆ ನಿಂತ ಆಳುಗಳಿಗೆ ಹಾರಲೂ ಸಮಯವಿರುವುದಿಲ್ಲ. ಆಸನಕ್ಕಿಂತ ಹೆಚ್ಚು ಜನರನ್ನು ಹತ್ತಿಸುವುದು ಯಾವ ಜೀಪಿನಲ್ಲಿಯೂ ತಪ್ಪು. ಎತ್ತರಿಸಿದ ಜೀಪಿನಲ್ಲಿ ಅದು ಮಹಾ ತಪ್ಪು. ಮನೆಯ ವಯಸ್ಸಾದವರೂ ಸೀರೆಯುಟ್ಟ ಹೆಂಗಸರೂ ಹತ್ತಿ ಇಳಿಯುವುದು ಕಷ್ಟವಾಗುತ್ತದೆಂಬುದೂ ನೆನಪಿರಲಿ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. 15 ವರ್ಷ ದಾಟಿದ ಸ್ವಂತ ಬಳಕೆಯ ಜೀಪನ್ನು ನೋಂದಣಿ ನವೀಕರಣಕ್ಕಾಗಿ ಆರ್.ಟಿ.ಓ. ಕಚೇರಿಗೆ ಒಯ್ಯಲೇಬೇಕು. ಆಗ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು. ಕುಸಿದ ಪಟ್ಟಿಯ ಬದಲು ಮೂಲ ಅಳತೆಯದನ್ನು ಹಾಕಿಸುವುದು ಬರೀ ದುರಸ್ತಿ. ಅದಕ್ಕಿಂತ ಹೆಚ್ಚಿನ ಯಾವುದೇ ಬದಲಾವಣೆಗೆ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಬೇಕು.

ರಸ್ತೆಯನ್ನೂ ನೋಡಿ

ಜೀಪಿನ ಹೊಟ್ಟೆಗೆ ದಿಣ್ಣೆ ತಾಗುವುದಕ್ಕೆ ಜೀಪು ಒಂದೇ ಕಾರಣವಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಅಂಥ ಮಳೆಯಲ್ಲಿ ನೀರು ಚಕ್ರದ ಜಾಡನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. ಜಾಡು ಕೊರೆದು ಆಳವಾದಷ್ಟೂ ನಡುವಿನ ದಿಣ್ಣೆ ಎತ್ತರವಾಗುತ್ತದೆ. ಐದು ಇಂಚು ಎತ್ತರಿಸಿದ ಜೀಪಿಗೂ ಮುಂದಿನ ಮಳೆಗಾಲದಲ್ಲಿ ಅದೇ ಗತಿ. ಕೊಚ್ಚಿಹೋಗುವುದು ತೋಟದ ಮೇಲ್ಮಣ್ಣೂ ಹೌದು.

ಮಳೆಗಾಲಕ್ಕೆ ಮುಂಚೆ ನಡುದಿಣ್ಣೆಯನ್ನು ಕೆತ್ತಿ ಜಾಡಿಗೆ ಜಂಬಿಟ್ಟಿಗೆ ಕಲ್ಲಿನ ಚೂರು ತುಂಬಿ ದಮ್ಮಸು ಮಾಡಬೇಕು. ಇಳಿಜಾರಿನಲ್ಲಿ ಅಲ್ಲಲ್ಲಿ ರಸ್ತೆಗೆ ಓರೆಯಾಗಿ ಅಡ್ಡಗಾಲುವೆ ತೆಗೆದು ನೀರನ್ನು ಪಕ್ಕಕ್ಕೆ ಬಿಡಬೇಕು. ಇಳಿಜಾರು ಹೆಚ್ಚಿದಷ್ಟೂ ಅಡ್ಡಗಾಲುವೆಗಳು ಹತ್ತಿರ ಹತ್ತಿರ ಇರಬೇಕು. ಕೆಲವು ದಿನಗಳ ಆಳಿನ ಕೆಲಸದಿಂದ ಜೀಪೂ ಉಳಿಯುತ್ತದೆ, ಮಣ್ಣೂ ಉಳಿಯುತ್ತದೆ.

ಮೊದಲು ಹೇಳಿದ ಬೆಳೆಗಾರರ ವಿಷಯಕ್ಕೆ ಬರುವುದಾದರೆ, ಅವರು ಕೈಗೊಳ್ಳಬೇಕಾದ ಕ್ರಮ ಇಷ್ಟೇ. ಮೊದಲು ಅಡಿಗೆ ಬಗ್ಗಿ ಗುರುತು ನೋಡುವುದು. ಎರಡನೆಯದಾಗಿ ಟೇಪು ಹಿಡಿದು ಕುಸಿತ ಅಳೆಯುವುದು. ಮೂರನೆಯದಾಗಿ ಮೂಲ ಅಳತೆಯ ಹೊಸ ಪಟ್ಟಿ ಹಾಕಿಸಿ, ಬೇಸಿಗೆಯಲ್ಲಿ ರಸ್ತೆ ಸರಿಪಡಿಸಿ, ಒಂದು ಮಳೆಗಾಲ ಓಡಿಸಿ ನೋಡುವುದು. ಆಮೇಲೂ ಹೊಟ್ಟೆ ತಾಗಿದರೆ ಮಾತ್ರ, ಅನುಮತಿಯ ವಿಚಾರ ತಿಳಿದು, 2 ಇಂಚಿಗೆ ಮೀರದಂತೆ ಎತ್ತರಿಸುವ ಯೋಚನೆ ಮಾಡಬಹುದು. ಐದು ಇಂಚಿನ ಮಾತನ್ನು ಕೈಬಿಡುವುದೇ ಕ್ಷೇಮ. ಜೀಪು ತೋಟ ಮುಟ್ಟಿದರೆ ಸಾಲದು, ಅದರಲ್ಲಿ ಹೋದವರೆಲ್ಲ ಸಂಜೆ ಮನೆ ಮುಟ್ಟಬೇಕು.